ಕಟ್ಟಳೆ ಮೊದಲು ಆಳುವವರಿಗೆ

ಮತದಾರನಿಗೆ ಶಿಸ್ತು ಕಲಿಸುವ ಕಾಯದೆ ಮಾಡುವದರಲ್ಲಿ ನಮ್ಮ ಸರಕಾರಗಳು ಹಿಂದೆಬಿದ್ದಿಲ್ಲ. 2015ರಲ್ಲಿ ಪಂಚಾಯತ ಕಾಯದೆಯನ್ನು ತಿದ್ದಿ, ಗ್ರಾಮ ಪಂಚಾಯತ ಚುನಾವಣೆಯಲ್ಲಿ ಮತ ಹಾಕುವದು ಕಡ್ಡಾಯವೆಂದು ಸಾರಲಾಯಿತು. ಮತ ಹಾಕದಿರುವದು ತಪ್ಪಾದರೆ, ಮತ ಹಾಕುವ ದಿನವನ್ನೇ ತಾರದಿರುವದಕ್ಕೆ ಏನೆನ್ನಬೇಕು?

ಹಳೇ ಹುಬ್ಬಳ್ಳಿಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಅವಧಿಯು 2019ರ ಮಾರ್ಚ ತಿಂಗಳಲ್ಲಿ ತೀರಿತು. 67 ವಾರ್ಡುಗಳು 82 ಆದವು. ವಿಂಗಡಣೆ, ಮೀಸಲಾತಿಗಳ ತಕರಾರಿನಲ್ಲಿ ಕಾಲ ಜಾರಿತು. ಮತದಾನವಾದದ್ದು 2021ರ ಸಪ್ಟೆಂಬರ 3ರಂದು. ಮಹಾಪೌರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರುಷ ಕಾರಭಾರವೆಲ್ಲ ಅಧಿಕಾರಿಗಳದು. ಓಣಿಯ ಗಟಾರದ, ನಳದ ನೀರಿನ ಮಾತೆತ್ತಲು ಜನರ ಸಭೆಯೇ ಇರಲಿಲ್ಲ.

ಅವಧಿ ತೀರುವ ಮೊದಲೇ ಚುನಾವಣೆ ಮುಗಿಯತಕ್ಕದ್ದೆಂದು 1993ರಿಂದ ರಾಜ್ಯಘಟನೆಯೇ ವಿಧಿಸಿರುವದು. ಆದರೂ 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯತಗಳ ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು, ಸರಕಾರವು ನೇಮಿಸುವ ಬೇರೊಂದು ಆಯೋಗಕ್ಕೆ ಒಪ್ಪಿಸಲಾಯಿತು. 2016ರಲ್ಲಿ ಆರಿಸಿಬಂದವರ ಅವಧಿಯು ಅದೇ ವರುಷ ಮುಗಿಯಿತು. ಮುಂದೆ ವರುಷಗಳು ಸಂದರೂ ಚುನಾವಣೆ ಬರಲಿಲ್ಲ. 2023ರಲ್ಲಿ ಆಳುವ ಪಕ್ಷ ಬದಲಾಯಿತು, ವಿಳಂಬ ಬದಲಾಗಲಿಲ್ಲ.

ಪರೀಕ್ಷೆಯ ದಿನವನ್ನು ವಿದ್ಯಾರ್ಥಿಯೇ ಗೊತ್ತುಮಾಡುವ ಶಾಲೆ ಎಲ್ಲಿಯಾದರೂ ಉಂಟೇ? ಕಟ್ಟಳೆ ಬಿಗಿಯಾಗಲಿ, ಆದರೆ ಮೊದಲು ಆಳುವವರಿಗೆ ಬಿಗಿಯಾಗಲಿ. ಅವಧಿ ತೀರುವ ಆರು ತಿಂಗಳ ಮುಂಚೆ ವಿಂಗಡಣೆ, ಮೀಸಲಾತಿಗಳು ಸಿದ್ಧವಾಗದಿದ್ದರೆ, ಹಿಂದಿನ ಪಟ್ಟಿಯ ಮೇಲೆಯೇ ರಾಜ್ಯ ಚುನಾವಣಾ ಆಯೋಗವು ಚುನಾವಣೆ ನಡಿಸತಕ್ಕದ್ದೆಂದು ಕಾಯದೆಯಾಗಲಿ. ಮತದಾರನ ಕರ್ತವ್ಯದ ಮಾತು ಆ ಬಳಿಕ ಶೋಭಿಸುವದು.