ಸ್ಪ್ರಿಂಗ್ ಬಿಡಿ, ಹಿಡಿಕೆ ನೋಡಿ

ನಮ್ಮ ಗುಂಪಿನ ಗೆಳತಿಯೊಬ್ಬಳು ಇಂಟರ್ನ್‌ಶಿಪ್ ದುಡ್ಡು ಕೂಡಿಟ್ಟು ಅಗ್ಗದ್ದೊಂದು ಏರ್ ಪಿಸ್ತೂಲ್ ತಗೊಂಡಳು. ಬ್ಯಾರೆಲ್ ಮಡಚಿ ಸ್ಪ್ರಿಂಗ್ ಎಳೆಯುವ ಮಾದರಿ, 4.5 ಮಿ.ಮೀ. ಪೆಲೆಟ್ಟಿನದು. ಊರಿನ ರೈಫಲ್ ಕ್ಲಬ್ಬಿಗೆ ಎರಡು ವಾರ ಹೋದಳು, ಮೂರನೇ ವಾರ ನಿಲ್ಲಿಸಿಬಿಟ್ಟಳು. "ನನ್ನ ಕೈಗೆ ಇದು ಒಗ್ಗಲ್ಲ ಕಣ್ರೋ" ಅಂದಳು.

ಕೈ ನೋಡಿದೆವು, ಪಿಸ್ತೂಲನ್ನೂ ನೋಡಿದೆವು. ಅವಳು ಎಡಗೈಯವಳು. ಹಿಡಿಕೆಯಲ್ಲಿ ಹೆಬ್ಬೆರಳಿಗೆ ಮಾಡಿದ ತಗ್ಗು ಇರೋದು ಬಲಗೈಯವರಿಗೆ. ಹಿಡಿಕೆಯ ದಪ್ಪ ಯಾವುದೋ ಪೈಲ್ವಾನನ ಅಳತೆ. ಬ್ಯಾರೆಲ್ ಗಿಡ್ಡ ಇರೋದರಿಂದ ಸ್ಪ್ರಿಂಗ್ ಎಳೆಯೋಕೆ ಮೈಯೆಲ್ಲಾ ಬಾಗಿಸಬೇಕು. ಹತ್ತು ಪೆಲೆಟ್ ಹೊಡೆಯೋ ಹೊತ್ತಿಗೆ ತೋಳು ನಡುಗುತ್ತೆ. ನಡುಗುವ ತೋಳಲ್ಲಿ ಗುರಿ ಹಿಡಿ ಅಂದರೆ ಹೇಗೆ? ತಪ್ಪು ಅವಳದಲ್ಲ. ಆದರೆ ಎರಡು ವಾರ ಅದು ತನ್ನದೇ ತಪ್ಪು ಅಂದುಕೊಂಡಿದ್ದಳು.

ಈ ವಿಷಯ ಹಾಸ್ಟೆಲಿನಲ್ಲಿ ಎತ್ತಿದ ಕೂಡಲೇ ಬಂದ ಮೊದಲ ಸಲಹೆ: "ಸ್ಪ್ರಿಂಗ್ ಚೇಂಜ್ ಮಾಡು ಗುರು, ಪವರ್ ಬರುತ್ತೆ." ಬೈಕ್ ತಗೊಂಡ ದಿನವೇ ಸೈಲೆನ್ಸರ್ ಬದಲಿಸುವ ಬುದ್ಧಿ ಇದು. ನಮ್ಮಲ್ಲಿ ಮಾಡಿಫಿಕೇಶನ್ ಅಂದರೆ ಜೋರು ಮಾಡೋದು, ಅಷ್ಟೇ. ಇದನ್ನು ನಾವು ಒಪ್ಪಲ್ಲ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಪೆಲೆಟ್ ಇನ್ನೂ ಬ್ಯಾರೆಲ್ಲಿನೊಳಗೆ ಇರುವಾಗಲೇ ಪಿಸ್ಟನ್ ಮುಂದಕ್ಕೆ ನುಗ್ಗಿ ಇಡೀ ಪಿಸ್ತೂಲು ಕುಲುಕಾಡುತ್ತೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕುಲುಕಾಟ ಜಾಸ್ತಿ, ಎಳೆಯುವ ಕಷ್ಟವೂ ಜಾಸ್ತಿ. ಕಾಗದದ ಗುರಿಯಲ್ಲಿ ತೂತು ಮಾಡೋಕೆ ಇರುವ ಶಕ್ತಿಯೇ ಧಾರಾಳ. ಜೊತೆಗೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್ ಇಲ್ಲದ ಏರ್ ಗನ್ನಿಗೆ 20 ಜೂಲ್ ಮಿತಿ ಇದೆ. ಆ ಗೆರೆಯ ಕಡೆಗೆ ನಡೆಯೋ ಚಟವೇ ಬೇಡ.

ಹಾಗಾದರೆ ಏನು ಬದಲಿಸಬೇಕು? ಒಂದು ಸಣ್ಣ ಲೆಕ್ಕ ಮಾಡಿ. ಸೈಟ್ ಅಂದರೆ ಇಲ್ಲಿ ಬಿಡಿಎ ಸೈಟ್ ಅಲ್ಲ, ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರಿಗಂಡಿ ಮತ್ತು ಗುರಿಕಡ್ಡಿ. ಎರಡರ ನಡುವೆ 25 ಸೆಂ.ಮೀ. ಅಂತರ ಅಂದುಕೊಳ್ಳಿ. ಗುರಿ ಇರೋದು 10 ಮೀಟರ್ ದೂರ, ಅಂದರೆ ನಲವತ್ತು ಪಟ್ಟು. ಮುಂದಿನ ಕಡ್ಡಿ ಗಂಡಿಯ ನಡುವಿಂದ ಅರ್ಧ ಮಿ.ಮೀ. ಸರಿದರೆ ಪೆಲೆಟ್ 20 ಮಿ.ಮೀ. ಆಚೆ ಬೀಳುತ್ತೆ. ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿ.ಮೀ. ಹತ್ತು ಬರಬೇಕಾದಲ್ಲಿ ಎಂಟು! ಅದೇ, ಸೈಟ್ ಎರಡೂ ಸರಿಯಾಗಿ ಕೂತಿದ್ದು ಇಡೀ ಕೈ 5 ಮಿ.ಮೀ. ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಸರಿಯೋದು 5 ಮಿ.ಮೀ. ಮಾತ್ರ, ಆಗಲೂ ಹತ್ತು ಸಿಗುತ್ತೆ. ಕೈ ಅಲುಗಾಡೋದಕ್ಕಿಂತ ಸೈಟ್ ಕಾಣದೇ ಇರೋದೇ ದೊಡ್ಡ ಶತ್ರು.

ಅಗ್ಗದ ಪಿಸ್ತೂಲಿನಲ್ಲಿ ಇರೋದೇನು? ಹಸಿರು-ಕೆಂಪು ಹೊಳೆಯುವ ಫೈಬರ್ ಚುಕ್ಕೆಗಳು. ಅಂಗಡಿಯಲ್ಲಿ ಚೆಂದ. ಬಿಳಿ ಕಾಗದದ ಮುಂದೆ ಹಿಡಿದರೆ ಆ ಹೊಳಪಿನಲ್ಲಿ ಅಂಚೇ ಕರಗಿಹೋಗುತ್ತೆ. ಬೇಕಾಗಿರೋದು ಮಟ್ಟಸ ತಲೆಯ ಕಪ್ಪು ಕಡ್ಡಿ, ಎರಡೂ ಪಕ್ಕ ತೆಳುವಾದ ಬೆಳಕಿನ ಗೆರೆ. ಕಡ್ಡಿ ಎಷ್ಟು ಅಗಲ ಇರಬೇಕು? ಗುರಿಯ ಕಪ್ಪು ವೃತ್ತ 59.5 ಮಿ.ಮೀ. ಕಣ್ಣಿಂದ ಮುಂದಿನ ಸೈಟಿಗೆ ಸುಮಾರು 90 ಸೆಂ.ಮೀ. ಎರಡೂ ಒಂದೇ ಅಗಲ ಕಾಣಬೇಕಾದರೆ ಕಡ್ಡಿ ಐದು ಮಿ.ಮೀ. ದಾಟುತ್ತೆ. ಅವಳ ಪಿಸ್ತೂಲಿನ ಕಡ್ಡಿ ಅದರ ಅರ್ಧವೂ ಇರಲಿಲ್ಲ. ನಾವು ಅಲ್ಯೂಮಿನಿಯಂ ತಗಡಿನಲ್ಲಿ ನಾಲ್ಕೂವರೆಗೆ ಕತ್ತರಿಸಿ ಅಂಟಿಸಿದೆವು, ಹಿಂದಿನ ಗಂಡಿಯನ್ನೂ ಅದಕ್ಕೆ ತಕ್ಕಂತೆ ಅಗಲ ಮಾಡಿದೆವು. ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಅರ ಹಿಡಿದು ಬೈದುಕೊಂಡೇ ವಿ ಜಾಯಿಂಟ್ ಮಾಡಿದ್ದೆವಲ್ಲ, ಆ ಮಾರ್ಕ್ಸಿಗೆ ಈಗ ಅರ್ಥ ಬಂತು.

ಒಂದು ಎಚ್ಚರ. ಕಡ್ಡಿಯನ್ನು ಬೇಕಾದ್ದಕ್ಕಿಂತ ಎತ್ತರವಾಗಿಯೇ ಇಟ್ಟು ಶುರು ಮಾಡಿ. ಪೆಲೆಟ್ ಕೆಳಗೆ ಬೀಳುತ್ತೆ, ಕಡ್ಡಿ ಉಜ್ಜಿದ ಹಾಗೆಲ್ಲ ಮೇಲೇರುತ್ತೆ. 0.1 ಮಿ.ಮೀ. ಉಜ್ಜಿದರೆ ಗುರಿಯಲ್ಲಿ 4 ಮಿ.ಮೀ. ಜಾಸ್ತಿ ಉಜ್ಜಿದರೆ ಮತ್ತೆ ತಗಡು, ಮತ್ತೆ ಅಂಟು. ನಮಗೆ ಎರಡು ಕಡ್ಡಿ ಹಾಳಾದವು. ಕೊನೆಗೆ ಹೊಳಪು ಹೋಗೋಕೆ ಕರ್ಪೂರ ಹಚ್ಚಿ, ಬಿಚ್ಚಿಟ್ಟ ಸೈಟಿಗೆ ಅದರ ಮಸಿ ಹಿಡಿದೆವು. ಅಜ್ಜಿ ಕಾಡಿಗೆ ಹಿಡಿಯುವ ಕ್ರಮವೇ. ಯಾವ ಸ್ಪ್ರೇ ಪೇಂಟೂ ಅಷ್ಟು ಕಪ್ಪಾಗಲಿಲ್ಲ.

ಹಿಡಿಕೆಗೆ ಎಂ-ಸೀಲ್ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿ, ಎಡಗೈಯವರ ಹೆಬ್ಬೆರಳಿನ ಕಡೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಅವಳ ಕೈಯಲ್ಲೇ ಒತ್ತಿಸಿದೆವು. ಹಳೇ ತಗ್ಗನ್ನು, ಹಿಂಬದಿಯ ದಪ್ಪವನ್ನು ಉಜ್ಜಿ ಸಪಾಟು ಮಾಡಿದೆವು. ಪರೀಕ್ಷೆ ಸುಲಭ: ಕಣ್ಣು ಮುಚ್ಚಿ ಕೈ ಎತ್ತಬೇಕು, ನಿಂತ ಮೇಲೆ ಕಣ್ಣು ತೆರೀಬೇಕು. ಕಡ್ಡಿ ತಾನಾಗಿಯೇ ಗಂಡಿಯ ನಡುವೆ ಕಂಡರೆ ಹಿಡಿಕೆ ಸರಿ. ಇಲ್ಲಾಂದ್ರೆ ಮತ್ತೆ ಮೆತ್ತು, ಮತ್ತೆ ಉಜ್ಜು. ನಾಲ್ಕು ಸಂಜೆ ಹಿಡೀತು. ಇದನ್ನು ಜುಗಾಡ್ ಅಂತ ಯಾರಾದರೂ ನಕ್ಕರೆ ಕೇಳಬೇಡಿ. ಲಕ್ಷಗಟ್ಟಲೆ ಬೆಲೆಯ ಸ್ಪರ್ಧೆಯ ಪಿಸ್ತೂಲುಗಳ ಮರದ ಹಿಡಿಕೆ ಎಡ-ಬಲ, ಸಣ್ಣ-ದೊಡ್ಡ ಅಂತ ಬೇರೆ ಬೇರೆ ಬರುತ್ತೆ. ಅದರ ಮೇಲೂ ಶೂಟರ್‌ಗಳು ಪುಟ್ಟಿ ಮೆತ್ತಿ ಉಜ್ಜುತ್ತಾರೆ. 2014ರ ಗ್ಲ್ಯಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರೂ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದವರೇ, ಗೊತ್ತಿರಲಿ.

ಎಳೆಯುವ ಕಷ್ಟಕ್ಕೆ ಸನ್ನೆಗೋಲು. ಬ್ಯಾರೆಲ್ ಮೇಲೆ ತೂರಿಸುವ ಒಂದು ಗೇಣು ಪೈಪ್, ಒಳಗೆ ಬಟ್ಟೆ, ಸೈಟಿಗೆ ತಾಗದಂತೆ ಮೇಲೊಂದು ಸೀಳು. ದೂರ ಹೆಚ್ಚಿದಷ್ಟು ಬಲ ಕಡಿಮೆ ಸಾಕು. ಕ್ಲಿಕ್ ಅಂದ ಕೂಡಲೇ ಪೈಪ್ ತೆಗೆಯಬೇಕು, ಪೆಲೆಟ್ ತುಂಬಿ ಮುಚ್ಚುವವರೆಗೂ ಬ್ಯಾರೆಲ್ಲನ್ನು ಕೈಯಿಂದ ಬಿಡಬಾರದು. ಟ್ರಿಗರ್ ಅಕಸ್ಮಾತ್ ಜಾರಿದರೆ ಬ್ಯಾರೆಲ್ ಮೇಲಕ್ಕೆ ಬಡಿದು ಬೆರಳು ಹೋಗುತ್ತೆ.

ಪಿಸ್ತೂಲು ಒಂದು ದಿನವೂ ಕ್ಯಾಂಪಸ್ಸಿಗೆ ಬರಲಿಲ್ಲ. ಅದು ಕ್ಲಬ್ಬಿನ ಬೀರುವಿನಲ್ಲೇ ಇತ್ತು, ನಮ್ಮ ರೂಮಿಗೆ ಬಂದಿದ್ದು ಸ್ಕ್ರೂ ಬಿಚ್ಚಿದ ಹಿಡಿಕೆ ಮತ್ತು ಸೈಟ್ ಮಾತ್ರ. ವಾರ್ಡನ್‌ಗೂ ಮೊದಲೇ ಹೇಳಿದ್ದೆವು. ಅವರು ಎಂ-ಸೀಲ್ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನು ಇಡ್ಲಿನಾ?" ಅಂದರು.

ಗೆಳತಿ ಮತ್ತೆ ಹೋಗ್ತಿದ್ದಾಳೆ. ಮೊದಲು ಕಾರ್ಡಿನ ತುಂಬ ಚೆಲ್ಲುತ್ತಿದ್ದ ಪೆಲೆಟ್‌ಗಳಲ್ಲಿ ಹೆಚ್ಚಿನವು ಈಗ ಕಪ್ಪಿನೊಳಗೆ ಬೀಳ್ತಿವೆ. ಈಗ ಅವಳ ತಕರಾರು ಒಂದೇ, ಟ್ರಿಗರ್ ತುಂಬಾ ಗಟ್ಟಿ, ಒಳಗಿನ ಕೊಕ್ಕೆಯನ್ನು ಸ್ವಲ್ಪ ಉಜ್ಜಿಕೊಡಿ ಅಂತ. ಅದನ್ನು ಉಜ್ಜಿದರೆ ಕೈತಪ್ಪಿ ಬಿದ್ದಾಗಲೂ ಹಾರಬಹುದು, ನಾವು ಮುಟ್ಟಲ್ಲ ಅಂದಿದ್ದೇವೆ. ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ.