ಕೇಳದೆ ಬಡಿಸಿದ ಎಐ

ವಿಂಡೋಸ್‌ನಲ್ಲಿ ಎಐ ಬೇಡವೆನ್ನುವವರು ಬದಲಾವಣೆಗೆ ಅಂಜುವವರು ಎಂದು ಲೇಖನವೊಂದರಲ್ಲಿ ಅದರ ಲೇಖಕರು ತೀರ್ಪು ಕೊಟ್ಟಿದ್ದಾರೆ. ಈ ಮಾತನ್ನು ಒಪ್ಪಲಾಗದು.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ‘ರೀಕಾಲ್’ ಎಂಬ ಎಐ ಸೌಲಭ್ಯವನ್ನೇ ನೋಡಿ. ಪರದೆಯ ಮೇಲೆ ಕಾಣುವುದನ್ನು ಕೆಲವೇ ಸೆಕೆಂಡಿಗೊಮ್ಮೆ ಚಿತ್ರ ತೆಗೆದು ಕೂಡಿಡುವ ವ್ಯವಸ್ಥೆ ಅದು. ಆ ಚಿತ್ರಗಳಿಂದ ಹೆಕ್ಕಿದ ಪಠ್ಯವೆಲ್ಲ ಸುಲಭವಾಗಿ ಓದಬಹುದಾದ ಡೇಟಾಬೇಸಿನಲ್ಲಿ ಬಿದ್ದಿರುವುದನ್ನು ಭದ್ರತಾ ತಜ್ಞರು ಬಯಲಿಗೆಳೆದರು. ಮರುತಿಂಗಳೇ ಕಂಪನಿ ಬಿಡುಗಡೆಯನ್ನು ಮುಂದೂಡಿತು. ಬಳಕೆದಾರರು ತಾವಾಗಿ ಒಪ್ಪಿ ಆನ್ ಮಾಡಿದರಷ್ಟೇ ಅದು ಕೆಲಸ ಮಾಡುವಂತೆ ಬದಲಿಸಿತು. ಜನ ದನಿ ಎತ್ತದಿದ್ದರೆ ಈ ತಿದ್ದುಪಡಿ ಆಗುತ್ತಿತ್ತೇ?

‘ಬೇಡವಾದರೆ ಆಫ್ ಮಾಡಿಕೊಳ್ಳಿ’ ಎಂಬ ಲೇಖಕರ ಸಲಹೆಯೂ ಪೊಳ್ಳು. ಮೈಕ್ರೋಸಾಫ್ಟಿನ ಎಐ ಸಹಾಯಕ ಕೋಪೈಲಟ್ ಟಾಸ್ಕ್‌ಬಾರಿಗೆ ಬಂತು, ನೋಟ್‌ಪ್ಯಾಡಿಗೆ ಬಂತು, ಪೇಂಟಿಗೆ ಬಂತು. ಹೊಸ ಲ್ಯಾಪ್‌ಟಾಪುಗಳ ಕೀಬೋರ್ಡಿನಲ್ಲೂ ಒಂದು ಕೀ ಹಿಡಿದು ಕೂತಿದೆ. ಒಂದೊಂದನ್ನೂ ಹುಡುಕಿ ಆಫ್ ಮಾಡುವ ಹೊರೆ ಬಳಕೆದಾರರ ತಲೆಗೇ ಏಕೆ? ಹಳೆಯದರಲ್ಲೇ ಇರೋಣವೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ.

ಎಐ ಉಪಯುಕ್ತವಾದರೆ ಜನ ತಾವೇ ಹುಡುಕಿಕೊಂಡು ಬರುತ್ತಾರೆ. ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಏನಿರಬೇಕೆಂದು ಹೇಳುವ ಹಕ್ಕು ಕೊಂಡವರದು. ಕಂಪನಿ ಮೊದಲು ಅವರನ್ನು ಕೇಳಲಿ, ಆಮೇಲೆ ಕೊಡಲಿ.