ಬೇಲಿಯೊಳಗಿನ ಆರೋಗ್ಯ

ಅಂತರ ಕಾಯ್ದುಕೊಳ್ಳಿ, ಕೈ ತೊಳೆಯಿರಿ, ಮನೆಯಲ್ಲೇ ಇರಿ. 2020ರಲ್ಲಿ ಲೋಕವೆಲ್ಲ ಕೇಳಿದ ಈ ಮೂರು ಉಪದೇಶಗಳು ಬಾಂಗ್ಲಾದೇಶದ ಕಾಕ್ಸ್ ಬಜಾರಿನ ರೋಹಿಂಗ್ಯಾ ಶಿಬಿರಗಳಲ್ಲಿ ಅಪಹಾಸ್ಯದಂತೆ ಕೇಳಿಸಿರಬೇಕು. ಚದರ ಕಿಲೋಮೀಟರಿಗೆ ಸುಮಾರು 40,000 ಜನ. ಬಿದಿರು, ತಾಡಪಾಲುಗಳ ಒಂದೇ ಗುಡಿಸಲಿನಲ್ಲಿ ಇಡೀ ಕುಟುಂಬ. ನೀರಿಗೂ ಶೌಚಕ್ಕೂ ಸರತಿಯ ಸಾಲು. ಅಂತರವೆಂಬುದು ನೆಲವುಳ್ಳವರ ಔಷಧಿ.

ಅಲ್ಲಿನ ನಿರಾಶ್ರಿತರಲ್ಲಿ ಮೊದಲ ಸೋಂಕು ದೃಢಪಟ್ಟದ್ದು 2020ರ ಮೇ 14ರಂದು. ಭಯಪಟ್ಟಷ್ಟು ಸಾವುಗಳು ದಾಖಲಾಗಲಿಲ್ಲ. ಅದನ್ನೇ ಹಿಡಿದು, 'ನೋಡಿ, ಅವರಿಗೇನೂ ಆಗಲಿಲ್ಲ' ಎನ್ನುವವರಿದ್ದಾರೆ. ಈ ವಾದವನ್ನು ಒಪ್ಪಲಾಗದು. ಶಿಬಿರವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳೆಂಬುದು ಒಂದು ಮಾತು. ಪರೀಕ್ಷೆಗೆ ಬಾರದವರ ಕಾಯಿಲೆ ದಾಖಲೆಗೂ ಬಾರದೆಂಬುದು ಇನ್ನೊಂದು. ಸೋಂಕಿತರನ್ನು ಕುಟುಂಬದಿಂದ ಬೇರ್ಪಡಿಸುತ್ತಾರೆ, ಕೊಂದೇ ಬಿಡುತ್ತಾರೆ ಎಂಬ ವದಂತಿಗಳು ಹಬ್ಬಿದ್ದವು. 2017ರಲ್ಲಿ ಸೈನಿಕರಿಂದ ತಪ್ಪಿಸಿಕೊಂಡು ಗಡಿ ದಾಟಿದ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಇದನ್ನು ನಂಬಲು ಕಾರಣ ಬೇಕಿರಲಿಲ್ಲ. ವದಂತಿಗೆ ಮದ್ದು ಸುದ್ದಿ. ಆದರೆ ಭದ್ರತೆಯ ಹೆಸರಿನಲ್ಲಿ 2019ರ ಸೆಪ್ಟೆಂಬರಿನಿಂದ ನಿರ್ಬಂಧಿಸಿದ್ದ ಮೊಬೈಲ್ ಅಂತರ್ಜಾಲ ಮರಳಿದ್ದು 2020ರ ಆಗಸ್ಟ್ ಕೊನೆಗೆ! ಮನೆಮನೆಗೆ ನಡೆದು ಸುದ್ದಿ ತಲುಪಿಸಿದವರು ರೋಹಿಂಗ್ಯಾ ಸ್ವಯಂಸೇವಕರೇ.

'ಅತ್ಯಗತ್ಯ ಸೇವೆ' ಎಂಬ ಪದವನ್ನೂ ಪರೀಕ್ಷಿಸಬೇಕು. 2020ರ ಏಪ್ರಿಲ್‌ನಲ್ಲಿ ಶಿಬಿರದ ಕೆಲಸಗಳನ್ನು ಅತ್ಯಗತ್ಯವಾದವುಗಳಿಗೆ ಇಳಿಸಲಾಯಿತು. ಆಹಾರ, ಚಿಕಿತ್ಸೆ ಉಳಿದವು. ಮಕ್ಕಳ ಕಲಿಕಾ ಕೇಂದ್ರಗಳು ಮುಚ್ಚಿದವು. ಹಿಂಸೆಗೊಳಗಾದ ಹೆಂಗಸರು ಸಂಕಟ ತೋಡಿಕೊಳ್ಳುತ್ತಿದ್ದ ತಾಣಗಳ ಕೆಲಸ ಕುಗ್ಗಿತು. ಗುಡಿಸಲೊಳಗೆ ಗಂಡನ ಏಟು ತಿನ್ನುವವಳಿಗೆ ಯಾವುದು ಅತ್ಯಗತ್ಯವೆಂದು ಅವಳನ್ನು ಕೇಳಿದವರಾರು?

ಸುತ್ತಲೂ ಮುಳ್ಳುತಂತಿ ಬೇಲಿ ಎದ್ದಿತು, ಅದೂ ರಕ್ಷಣೆಗೆಂದೇ. 2021ರ ಮಾರ್ಚ್ 22ರಂದು ಬಲೂಖಾಲಿಯಲ್ಲಿ ಬೆಂಕಿ ಹೊತ್ತಿದಾಗ, ಆ ಬೇಲಿಯೇ ಓಟಕ್ಕೆ ಅಡ್ಡವಾಯಿತೆಂದು ಬದುಕುಳಿದವರು ಹೇಳಿದರು. ಕನಿಷ್ಠ 15 ಮಂದಿ ಸತ್ತರು. ಸುಮಾರು 45,000 ಜನ ಮತ್ತೊಮ್ಮೆ ನಿರ್ವಸಿತರಾದರು.

ಆದರೂ ಬಾಂಗ್ಲಾದೇಶವೊಂದನ್ನೇ ದೂರುವುದು ಅನ್ಯಾಯ. ಸಿರಿವಂತರು ಕದ ಹಾಕಿಕೊಂಡಾಗ ಬಾಗಿಲು ತೆರೆದ ಬಡ ದೇಶವದು. 2020ರ ಏಪ್ರಿಲ್‌ನಲ್ಲಿ, ಮಲೇಷ್ಯಾ ಸೇರಲಾಗದೆ ಸುಮಾರು ಎರಡು ತಿಂಗಳು ಕಡಲಲ್ಲಿ ಅಲೆದ ದೋಣಿಯಿಂದ ಸುಮಾರು 400 ರೋಹಿಂಗ್ಯಾಗಳನ್ನು ದಡ ಸೇರಿಸಿದ್ದೂ ಅದೇ. ಹಲವರು ದೋಣಿಯಲ್ಲೇ ಪ್ರಾಣಬಿಟ್ಟಿದ್ದರು. ನಾವಾದರೂ ಬೆರಳು ತೋರುವಂತಿಲ್ಲ. 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಉಳಲು ನೆಲ ಕೊಟ್ಟ ದೇಶವೇ 2021ರ ಮಾರ್ಚ್‌ನಲ್ಲಿ, ಸೋಂಕು ಮತ್ತೆ ಏರುತ್ತಿದ್ದಾಗ, ಜಮ್ಮುವಿನಲ್ಲಿ 150ಕ್ಕೂ ಹೆಚ್ಚು ರೋಹಿಂಗ್ಯಾಗಳನ್ನು ಬಂಧನ ಕೇಂದ್ರಕ್ಕೆ ತುಂಬಿತು.

ಎಲ್ಲಕ್ಕಿಂತ ಕಹಿಯಾದುದು ಮಲೇಷ್ಯಾದ ಪ್ರಸಂಗ. ದಾಖಲೆಯಿಲ್ಲದವರೂ ನಿರ್ಭಯವಾಗಿ ಪರೀಕ್ಷೆಗೆ ಬರಬಹುದೆಂದು 2020ರ ಮಾರ್ಚ್‌ನಲ್ಲಿ ಅಲ್ಲಿನ ಸರಕಾರ ಮಾತು ಕೊಟ್ಟಿತ್ತು. ಮೇ ಒಂದರಂದು ಕೌಲಾಲಂಪುರದ ವಸತಿಗಳ ಮೇಲೆ ದಾಳಿ ನಡೆಸಿ, ನೂರಾರು ಮಂದಿಯನ್ನು ಲಾರಿಗಳಲ್ಲಿ ಒಯ್ದರು. ಸೆರೆಯಾದವರಲ್ಲಿ ರೋಹಿಂಗ್ಯಾಗಳೂ ಇದ್ದರು, ಎಳೆಯ ಮಕ್ಕಳೂ ಇದ್ದರು. ಆ ತಿಂಗಳು ಮುಗಿಯುವ ಮುನ್ನವೇ ಬಂಧನ ಕೇಂದ್ರಗಳೊಳಗೆ ಸೋಂಕು ಹರಡಿತ್ತು.